ಓದು ಬಿ2, ಮಾತು ಎ2: ವಿಶ್ವವಿದ್ಯಾಲಯಕ್ಕೆ ಮುನ್ನ 12 ವಾರಗಳ ಫ್ರೆಂಚ್

ವಿದ್ಯಾರ್ಥಿನಿಗೆ 18 ವರ್ಷ. ಶಾಲೆಯ ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆದಿದೆ. ಫ್ರೆಂಚ್ ಐದು ವರ್ಷ ಓದಿದ ಒಂದು ವಿಷಯ, ಅಷ್ಟೆ. ಇನ್ನು ಮೂರು ತಿಂಗಳಲ್ಲಿ ಫ್ರಾನ್ಸಿನ ವಿಶ್ವವಿದ್ಯಾಲಯವೊಂದರಲ್ಲಿ ಲಿಸಾಂಸ್, ಅಂದರೆ ಮೂರು ವರ್ಷದ ಪದವಿ, ಶುರುವಾಗಬೇಕು. ಪಾಠ, ಪರೀಕ್ಷೆ, ಕಚೇರಿಯ ಕಾಗದಪತ್ರ ಎಲ್ಲವೂ ಫ್ರೆಂಚಿನಲ್ಲೇ. ಪತ್ರಿಕೆಯ ಲೇಖನವನ್ನು ನಿಘಂಟು ಹೆಚ್ಚು ತೆರೆಯದೆ ಓದುತ್ತಾಳೆ, ಒಂದು ಪುಟದ ಪ್ರಬಂಧವನ್ನು ಅಚ್ಚುಕಟ್ಟಾಗಿ ಬರೆಯುತ್ತಾಳೆ. ಆದರೆ ಕಳೆದ ವಾರ ಏನು ಮಾಡಿದೆ ಎಂದು ಯಾರಾದರೂ ಫ್ರೆಂಚಿನಲ್ಲಿ ಕೇಳಿದರೆ ಮೂರು ಸೆಕೆಂಡು ಮೌನ, ಆಮೇಲೆ ಅರ್ಧ ವಾಕ್ಯ, ಆಮೇಲೆ ಇಂಗ್ಲಿಷ್.

ಇದು ಒಬ್ಬ ನಿರ್ದಿಷ್ಟ ವ್ಯಕ್ತಿಯ ಕಥೆಯಲ್ಲ. ಇಂಗ್ಲಿಷಿನಲ್ಲಿ ಓದಿ ಫ್ರೆಂಚ್ ಕಡೆ ಹೊರಟವರಲ್ಲಿ ಮತ್ತೆ ಮತ್ತೆ ಕಾಣುವ ಸ್ಥಿತಿಯನ್ನು ಒಬ್ಬಳಲ್ಲಿ ಕೂಡಿಸಿ ಬರೆದದ್ದು.

ಪ್ರಮಾಣಪತ್ರ ಇದ್ದೂ ಮಾತು ಬಾರದು ಹೇಗೆ

ಈಕೆಯ ಬಳಿ ಡೆಲ್ಫ್, ಅಂದರೆ ಫ್ರಾನ್ಸ್ ಸರ್ಕಾರದ ಫ್ರೆಂಚ್ ಭಾಷಾ ಪರೀಕ್ಷೆಯ, ಬಿ2 ಪ್ರಮಾಣಪತ್ರ ಇದೆ. (ಯುರೋಪಿನ ಅಳತೆಯಲ್ಲಿ ಎ1ರಿಂದ ಸಿ2ರವರೆಗೆ ಆರು ಮಟ್ಟ; ಎ2 ಕೆಳಗಿನಿಂದ ಎರಡನೆಯದು, ಬಿ2 ನಾಲ್ಕನೆಯದು.) ಅದು ಸುಳ್ಳೂ ಅಲ್ಲ. ಡೆಲ್ಫ್ ಬಿ2ನಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಎಂಬ ನಾಲ್ಕು ಭಾಗ. ಒಂದೊಂದಕ್ಕೆ 25 ಅಂಕ. ಒಟ್ಟು 100ಕ್ಕೆ 50 ಬಂದು, ಯಾವ ಭಾಗದಲ್ಲೂ 5ಕ್ಕಿಂತ ಕಡಿಮೆ ಇರದಿದ್ದರೆ ಪಾಸು. ಓದಿಗೆ 20, ಬರಹಕ್ಕೆ 16, ಕೇಳುವುದಕ್ಕೆ 12, ಮಾತಿಗೆ 8 ಬಂದರೂ ಒಟ್ಟು 56 ಆಗಿ ಪ್ರಮಾಣಪತ್ರ ಕೈಸೇರುತ್ತದೆ. ಪ್ರವೇಶ ಕೊಡುವವರು ಕಾಗದದ ಮೇಲಿನ ಬಿ2 ನೋಡುತ್ತಾರೆ. ತರಗತಿಯಲ್ಲಿ ಎದ್ದುಬರುವುದು ಆ 8.

ಇಂಥ ಅಂತರ ಹೊಸತೇನಲ್ಲ. ಕೆನಡಾದ ಕ್ವಿಬೆಕ್‌ನ ಸೇಂಟ್ ಲ್ಯಾಂಬರ್ಟ್‌ನಲ್ಲಿ 1965ರಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಶಾಲೆಯ ಪಾಠಗಳನ್ನೇ ಫ್ರೆಂಚಿನಲ್ಲಿ ಕಲಿಸುವ ಪ್ರಯೋಗ ಶುರುವಾಯಿತು. ಕೆನಡಾದಲ್ಲಿ ಹೀಗೆ ವರ್ಷಗಟ್ಟಲೆ ಕಲಿತ ಮಕ್ಕಳನ್ನು ಗಮನಿಸಿದ ಭಾಷಾವಿಜ್ಞಾನಿ ಮೆರಿಲ್ ಸ್ವೇನ್, 1985ರಲ್ಲಿ ಒಂದು ಮಾತು ಮುಂದಿಟ್ಟರು: ಕೇಳಿ ಅರ್ಥಮಾಡಿಕೊಳ್ಳುವುದರಲ್ಲಿ ಈ ಮಕ್ಕಳು ಫ್ರೆಂಚ್ ಮನೆಮಾತಿನವರ ಹತ್ತಿರ ಬಂದಿದ್ದಾರೆ, ಆದರೆ ಮಾತಿನಲ್ಲಿ ಬಹಳ ಹಿಂದೆ ಉಳಿದಿದ್ದಾರೆ; ಕೇಳಿದ್ದಷ್ಟೇ ಸಾಲದು, ತಾವೇ ವಾಕ್ಯ ಕಟ್ಟಿ ಹೊರಹಾಕುವ ಒತ್ತಾಯ ಬೀಳಬೇಕು. ದಿನವಿಡೀ ಫ್ರೆಂಚ್ ಕೇಳಿದವರ ಗತಿಯೇ ಇದಾದರೆ, ವಾರಕ್ಕೆ ನಾಲ್ಕು ಪೀರಿಯಡ್ ಫ್ರೆಂಚ್ ಓದಿದವಳದು ಬೇರೆ ಹೇಗಿದ್ದೀತು? "ಫ್ರೆಂಚ್ ಸರಣಿಗಳನ್ನು ನೋಡುತ್ತಿರು, ತಾನಾಗಿ ಬರುತ್ತದೆ" ಎಂಬ ಸಲಹೆಯನ್ನು ಈ ಪ್ರಕರಣದಲ್ಲಿ ಮೊದಲೇ ಪಕ್ಕಕ್ಕಿಟ್ಟದ್ದು ಇದಕ್ಕೇ.

ಮೊದಲ ರೆಕಾರ್ಡಿಂಗ್

ಯೋಜನೆ ಹಾಕುವ ಮೊದಲು ಎರಡು ನಿಮಿಷದ ಒಂದು ರೆಕಾರ್ಡಿಂಗ್. ವಿಷಯ ಸರಳ: ಯಾವ ಪದವಿ ಓದಲು ಹೊರಟಿದ್ದೀಯ, ಯಾಕೆ. ತಯಾರಿಗೆ ಒಂದು ನಿಮಿಷ, ಬರೆದುಕೊಳ್ಳುವಂತಿಲ್ಲ. ಆಮೇಲೆ ಆ ಎರಡು ನಿಮಿಷವನ್ನು ಇದ್ದದ್ದು ಇದ್ದ ಹಾಗೆ, ತಡವರಿಕೆ ಸಮೇತ, ಕಾಗದಕ್ಕಿಳಿಸಬೇಕು. ಇದಕ್ಕೆ ಇಪ್ಪತ್ತು ನಿಮಿಷ ಬೇಕು, ಬೇಸರದ ಕೆಲಸ, ಆದರೆ ಬಿಡುವಂತಿಲ್ಲ. ಕೇಳಿಸಿಕೊಂಡಾಗ "ಪರವಾಗಿಲ್ಲ" ಅನ್ನಿಸಿದ್ದು ಕಾಗದದ ಮೇಲೆ ಬಂದಾಗಲೇ ತನ್ನ ನಿಜರೂಪ ತೋರಿಸುವುದು.

ಕಾಗದದ ಮೇಲೆ ಮೂರನ್ನು ಎಣಿಸಿದರೆ ಸಾಕು: ವಾಕ್ಯದ ನಟ್ಟನಡುವೆ ಒಂದು ಸೆಕೆಂಡಿಗಿಂತ ಹೆಚ್ಚಿನ ನಿಲುಗಡೆ, ಶುರುಮಾಡಿ ಕೈಬಿಟ್ಟ ವಾಕ್ಯ, ನುಸುಳಿದ ಇಂಗ್ಲಿಷ್ ಪದ. ವಾಕ್ಯ ಮುಗಿದ ಮೇಲಿನ ನಿಲುಗಡೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಅಲ್ಲಿ ಎಲ್ಲರೂ ನಿಲ್ಲುತ್ತಾರೆ. ನಡುವಿನ ನಿಲುಗಡೆಯೇ ತಲೆಯೊಳಗೆ ನಡೆಯುತ್ತಿರುವ ಅನುವಾದದ ಗುರುತು.

ಈಕೆಯ ಕಾಗದ ಹೇಳಿದ್ದು ಸ್ಪಷ್ಟವಾಗಿತ್ತು. ಪದಗಳ ಕೊರತೆ ಕಡಿಮೆ. ಬಹುತೇಕ ನಿಲುಗಡೆ ಕ್ರಿಯಾಪದದ ಮುಂಚೆ ಅಥವಾ ಅದರ ಹಿಂದೆಯೇ ಬರುವ ಪುಟ್ಟ ಪದದ ಹತ್ತಿರ. ಕೈಬಿಟ್ಟ ವಾಕ್ಯಗಳೆಲ್ಲ ಇಂಗ್ಲಿಷಿನ ಎರಕದಲ್ಲಿ ಹುಟ್ಟಿದವು. ವಯಸ್ಸು ಹೇಳಲು 'ನಾನು ಹದಿನೆಂಟು ಆಗಿದ್ದೇನೆ' ಎಂಬಂತೆ 'ಜ ಸ್ವಿ' ಎಂದು ಶುರು. ಫ್ರೆಂಚಿನಲ್ಲಿ ವರ್ಷಗಳು ಆಗುವುದಲ್ಲ, ಇರುವುದು: 'ಜೆ ದಿಜ಼್ವಿತಾಂ'. ಐದು ವರ್ಷದಿಂದ ಓದುತ್ತಿದ್ದೇನೆ ಎನ್ನಲು ಇಂಗ್ಲಿಷಿನ ಉದ್ದದ ಕಾಲರೂಪ ಹುಡುಕಿ ಸಿಕ್ಕಿಬಿದ್ದದ್ದು. ಫ್ರೆಂಚ್ ಅಲ್ಲಿ ಬರೀ ವರ್ತಮಾನ ಕಾಲ ಹಾಕಿ 'ದಪ್ವಿ' ಸೇರಿಸುತ್ತದೆ, ಕನ್ನಡದ 'ಐದು ವರ್ಷದಿಂದ ಓದುತ್ತಿದ್ದೇನೆ'ಗೆ ಅದೇ ಹತ್ತಿರ. ಕಾಯುವುದಕ್ಕೆ 'ಆತಾಂದ್ರ', ಹುಡುಕುವುದಕ್ಕೆ 'ಶೆರ್ಶೆ'. ಎರಡರ ಹಿಂದೆಯೂ ಇಂಗ್ಲಿಷಿನ 'ಫಾರ್'ಗೆ ಸಮನಾದ 'ಪುರ್' ತುರುಕಿದ್ದು. ಪರೀಕ್ಷೆ ಪಾಸಾದೆ ಎನ್ನಲು 'ಪಾಸೆ' ಬಳಸಿದ್ದು: ಅದು ಪರೀಕ್ಷೆಗೆ ಕೂತೆ ಅಂತ ಮಾತ್ರ ಹೇಳುತ್ತದೆ, ಪಾಸಾಗುವುದಕ್ಕೆ 'ರೆಯುಸಿರ್' ಬೇಕು. ಇದೇ ಸಾಲಿನಲ್ಲಿ ಮೋಸ ಮಾಡುವ ಇನ್ನೂ ಎರಡು ಪದಗಳು, 'ಆಕ್ತ್ಯುಎಲ್ಮಾಂ' (ಸದ್ಯಕ್ಕೆ) ಮತ್ತು 'ಎವಾಂತ್ಯುಎಲ್ಮಾಂ' (ಆದರೆ ಆದೀತು, ಬಹುಶಃ). ಇಂಗ್ಲಿಷಿನ ಹೋಲಿಕೆ ನಂಬಿದರೆ ಎರಡೂ ತಪ್ಪು ಅರ್ಥಕ್ಕೆ ಒಯ್ಯುತ್ತವೆ.

ಬರೆಯುವಾಗ ಈ ತಪ್ಪುಗಳಲ್ಲಿ ಒಂದನ್ನೂ ಆಕೆ ಮಾಡುವುದಿಲ್ಲ. ಅಂದಮೇಲೆ ವ್ಯಾಕರಣ ಪುಸ್ತಕ ಮತ್ತೆ ಮೊದಲ ಪುಟದಿಂದ ತೆರೆಯುವುದು ಸಮಯ ಹಾಳು. ಗೊತ್ತಿರುವುದು ಒಂದು ಸೆಕೆಂಡಿನೊಳಗೆ ನಾಲಿಗೆಗೆ ಬರುತ್ತಿಲ್ಲ, ಅಷ್ಟೇ ಸಮಸ್ಯೆ. 12 ವಾರದ ಕೆಲಸವೆಲ್ಲ ಆ ಒಂದು ಸೆಕೆಂಡಿಗಾಗಿ.

ದಿನದ ಹಂಚಿಕೆ

ದಿನಕ್ಕೆ 45 ನಿಮಿಷ, ವಾರಕ್ಕೆ ಆರು ದಿನ. ಬಾಯಿಯ ಕಸರತ್ತಿಗೆ 8 ನಿಮಿಷ, ಕೇಳಿ ಬರೆಯುವುದಕ್ಕೆ 12, ಸಿದ್ಧ ವಾಕ್ಯಗಳಿಗೆ 10, ಒಬ್ಬಳೇ ಮಾತಾಡುವುದಕ್ಕೆ 15. ಇದರ ಮೇಲೆ ವಾರಕ್ಕೆರಡು ಬಾರಿ, ಇಂಗ್ಲಿಷ್ ಕಲಿಯಬಯಸುವ ಫ್ರೆಂಚ್ ಜೊತೆಗಾರನೊಂದಿಗೆ 50 ನಿಮಿಷದ ಮಾತು. ಭಾನುವಾರ ಮೂರು ಗಂಟೆ ಕೂತು ಉಳಿದ ದಿನ ಬಿಡುವುದು ಕೆಲಸಕ್ಕೆ ಬಾರದು. ನಾಲಿಗೆಯ ಅಭ್ಯಾಸ ದಿನವೂ ಸ್ವಲ್ಪ ಸ್ವಲ್ಪವಾಗಿಯೇ ಕೂರುವುದು.

ಧ್ವನಿ: ಅರ್ಥ ಕೆಡಿಸುವವು ಮಾತ್ರ

ಇನ್ನೊಬ್ಬರ ಹಾಗೆ ಉಚ್ಚರಿಸುವುದು ಗುರಿಯಲ್ಲ. ಅರ್ಥ ಬದಲಿಸುವ ಧ್ವನಿಗಳನ್ನು ಮೊದಲ ನಾಲ್ಕು ವಾರದಲ್ಲಿ ಸರಿಮಾಡಿ, ಉಳಿದವನ್ನು ಹಾಗೇ ಬಿಡುವುದು. ಗಂಟಲಿನ 'ರ' ಬರಲಿಲ್ಲ ಎಂದು ಕೊರಗುವವರು ಬಹಳ. ನಮ್ಮ ನಾಲಿಗೆತುದಿಯ 'ರ' ಇಟ್ಟುಕೊಂಡರೂ ಮಾತು ಯಾರಿಗೂ ಅರ್ಥವಾಗದೆ ಹೋಗುವುದಿಲ್ಲ. ಕೆಲಸ ಬೇಕಾದದ್ದು ಬೇರೆ ಕಡೆ.

ಮೊದಲನೆಯದು 'ತ್ಯು' ಎಂದು ನಾವು ಒರಟಾಗಿ ಬರೆಯುವ ಸ್ವರ. ಬರಹದಲ್ಲಿ 'ಯು' ಎಂದರೂ ಯಕಾರ ಒಂಚೂರೂ ಕೇಳಿಸಬಾರದು. ಮಾಡುವ ಬಗೆ: 'ಈ' ಎಂದು ಎಳೆಯುತ್ತಾ ನಾಲಿಗೆಯನ್ನು ಅಲ್ಲಾಡಿಸದೆ ತುಟಿಯನ್ನು ಮಾತ್ರ 'ಊ'ಗೆ ಚೂಪು ಮಾಡಿ. ನಾಲಿಗೆ ಹಿಂದೆ ಸರಿದರೆ ಬರೀ 'ಊ' ಆಗುತ್ತದೆ, ಮಾತು ಉಲ್ಟಾ ಹೊಡೆಯುತ್ತದೆ: 'ದಸ್ಯು' ಅಂದರೆ ಮೇಲೆ, 'ದಸು' ಅಂದರೆ ಕೆಳಗೆ. ಕನ್ನಡಿ ಮುಂದೆ ದಿನಕ್ಕೆ ಎರಡು ನಿಮಿಷ, 'ಈ'ಯಿಂದ ಶುರುಮಾಡಿ ಇಪ್ಪತ್ತು ಬಾರಿ.

ಎರಡನೆಯದು ಮೂಗಿನ ಸ್ವರಗಳು. 'ವಾಂ' ಗಾಳಿ, 'ವ್ಯಾಂ' ದ್ರಾಕ್ಷಾರಸ, 'ವೋಂ' ಅವರು ಹೋಗುತ್ತಾರೆ. ಕನ್ನಡ ಓದುಗರಿಗೆ ಇಲ್ಲೊಂದು ಬಲೆಯಿದೆ: ಕೊನೆಯ ಸೊನ್ನೆಯನ್ನು ನಾವು ಅಭ್ಯಾಸಬಲದಿಂದ 'ಮ್' ಎಂದು ಮುಚ್ಚಿಬಿಡುತ್ತೇವೆ. ತುಟಿ ಮುಚ್ಚಬಾರದು, ನಾಲಿಗೆ ಎಲ್ಲೂ ತಾಕಬಾರದು, ಉಸಿರು ಮೂಗು ಬಾಯಿ ಎರಡರಿಂದಲೂ ಹೋಗಬೇಕು. ಮೂಗು ಹಿಡಿದು ಹೇಳಿ ನೋಡಿದರೆ ಧ್ವನಿ ಬದಲಾಗಬೇಕು. ಬದಲಾಗದಿದ್ದರೆ ಅದು ಮೂಗಿನ ಸ್ವರವೇ ಅಲ್ಲ.

ಮೂರನೆಯದಕ್ಕೆ ಕನ್ನಡದ ನಾಲಿಗೆಯೇ ಆಸ್ತಿ, ಇಂಗ್ಲಿಷ್ ಶಾಲೆ ಅದನ್ನು ಮರೆಸಿರುತ್ತದೆ. ಫ್ರೆಂಚಿನ ಪ, ತ, ಕ ನಮ್ಮವೇ: ಗಾಳಿ ಊದದ, ಹಲ್ಲಿಗೆ ತಾಕುವ 'ತ'. ಇಂಗ್ಲಿಷಿನ ಅಭ್ಯಾಸದಿಂದ 'ಟ'ಕ್ಕೆ ಜಾರಿ, ಅದರ ಮೇಲೆ ಉಸಿರನ್ನೂ ಊದುವುದು ತಪ್ಪು. ಬಾಯಿ ಮುಂದೆ ತೆಳು ಕಾಗದ ಹಿಡಿದು 'ಪಾರಿ' (ಪ್ಯಾರಿಸ್) ಅಂದಾಗ ಕಾಗದ ಅಲುಗಬಾರದು.

ಲಯದ್ದು ಇನ್ನೂ ದೊಡ್ಡ ಮಾತು. ಇಂಗ್ಲಿಷ್ ಪದದ ಒಂದು ಭಾಗವನ್ನು (ಉಚ್ಚಾರಾಂಶವನ್ನು) ಒತ್ತಿ ಉಳಿದದ್ದನ್ನು ನುಂಗುತ್ತದೆ. ಫ್ರೆಂಚ್ ಎಲ್ಲ ಭಾಗಕ್ಕೂ ಸರಿಸುಮಾರು ಸಮನಾದ ಕಾಲ ಕೊಟ್ಟು ಪದಗುಚ್ಛದ ಕೊನೆಯದನ್ನು ಮಾತ್ರ ಸ್ವಲ್ಪ ಎಳೆಯುತ್ತದೆ: ಯು-ನಿ-ವೆರ್-ಸಿ-ತೆ. ಇಂಗ್ಲಿಷಿನಲ್ಲಿ ಓದಿದವರಿಗೆ ಇಂಥ ಸಾವಿರಾರು ಪದ ಕಣ್ಣಿಗೆ ಮೊದಲೇ ಪರಿಚಿತ. ಆ ಪರಿಚಯವೇ ತೊಡಕು: 'ಸಿಚುಯೇಷನ್' ಎಂದು ಬಾಯಿ ಓಡುತ್ತದೆ, 'ಸಿ-ತ್ಯು-ಆ-ಸ್ಯೋಂ' ಎಂದಾಗಬೇಕಾದ ಕಡೆ. 'ಸ್ಯೋಂ'ನಿಂದ ಮುಗಿಯುವ ಐವತ್ತು ಪದಗಳ ಪಟ್ಟಿ ಮಾಡಿ, ಬೆರಳಿನಿಂದ ಮೇಜು ಬಡಿಯುತ್ತ ಒಂದೊಂದು ಭಾಗಕ್ಕೆ ಒಂದು ಏಟು ಹಾಕಿ ಹೇಳುವುದು. ಮೂರು ವಾರದಲ್ಲಿ ಕಿವಿಗೇ ವ್ಯತ್ಯಾಸ ತಿಳಿಯುತ್ತದೆ.

ಕೊನೆಯದು ಪದಗಳ ನಡುವಿನ ಬೆಸುಗೆ. 'ಇಲ್ ಜ಼ೋಂ' ಎಂದರೆ ಅವರ ಬಳಿ ಇದೆ. 'ಇಲ್ ಸೋಂ' ಎಂದರೆ ಅವರು ಆಗಿದ್ದಾರೆ. ಒಂದು ವ್ಯಂಜನ ಮೆತ್ತಗಾದದ್ದಕ್ಕೆ ಕ್ರಿಯಾಪದವೇ ಬೇರೆಯಾಯಿತು. ಬಹುವಚನದ 'ಲೆ' ಮುಂದೆ ಸ್ವರ ಬಂದರೆ 'ಜ಼' ಕೇಳಿಸಲೇಬೇಕು: 'ಲೆ ಜ಼ಾಮಿ', ಗೆಳೆಯರು. ಆದರೆ ವೀರರು ಎನ್ನುವಾಗ ಬೆಸುಗೆ ಇಲ್ಲ, 'ಲೆ ಎರೊ'. ಬೆಸೆದರೆ 'ಲೆ ಜ಼ೆರೊ' ಆಗಿ ವೀರರೆಲ್ಲ ಸೊನ್ನೆಗಳಾಗುತ್ತಾರೆ. 'ಮತ್ತು' ಎಂಬ ಅರ್ಥದ 'ಎ' ಆದ ಮೇಲೆ ಎಂದೂ ಬೆಸೆಯುವಂತಿಲ್ಲ. ಈ ಎರಡು ನಿಯಮ ಬಂದರೆ ಆರಂಭಕ್ಕೆ ಸಾಕು.

ಸಿದ್ಧ ವಾಕ್ಯದ ತುಂಡುಗಳು

ಮಾತಾಡುವವರು ಒಂದೊಂದು ಪದ ಜೋಡಿಸಿ ಮಾತಾಡುವುದಿಲ್ಲ. ಅರ್ಧ ಮಾತು ಸಿದ್ಧವಾಗಿಯೇ ಇರುತ್ತದೆ. ಹಾಗಾಗಿ 40 ತುಂಡುಗಳ ಒಂದು ಪಟ್ಟಿ, ಅದಕ್ಕಿಂತ ಹೆಚ್ಚು ಬೇಡ. ವಾರಕ್ಕೆ ಐದರಂತೆ ಎಂಟು ವಾರ. 'ಸ ಕ ಜ ವೊ ದೀರ್, ಸೆ ಕ' (ನಾನು ಹೇಳಬೇಕೆಂದಿರುವುದು ಏನೆಂದರೆ), 'ಇಲ್ ಮ ಸಾಂಬ್ಲ ಕ' (ನನಗನ್ನಿಸುವುದು), 'ಸಾ ದೆಪಾಂ ದ' (ಅದು ಇದರ ಮೇಲೆ ನಿಂತಿದೆ), 'ಸಿ ಜೆ ಬ್ಯಾಂ ಕೋಂಪ್ರಿ' (ನನಗೆ ಸರಿಯಾಗಿ ಅರ್ಥವಾಗಿದ್ದರೆ), 'ಜ ರವ್ಯಾಂ ಆ' (ಮತ್ತೆ ಈ ವಿಷಯಕ್ಕೆ ಬರುತ್ತೇನೆ). ಇವು ಬಾಯಲ್ಲಿ ಓಡುವಾಗ ತಲೆ ಮುಂದಿನ ಮಾತು ಹುಡುಕಿಕೊಳ್ಳುತ್ತದೆ, ಎರಡು ಸೆಕೆಂಡು ಪುಕ್ಕಟೆ ಸಿಗುತ್ತದೆ.

ಆರಿಸುವಾಗ ಒಂದು ಜಾಣತನ ಬೇಕು. ಸಬ್‌ಜಂಕ್ಟಿವ್ ಎಂಬ ಕ್ರಿಯಾರೂಪ ಬೇಡುವ ತುಂಡುಗಳನ್ನು ಮೊದಲ ಆರು ವಾರ ದೂರವಿಡಿ. 'ಇಲ್ ಫೊ ಕ' (ಹೀಗಾಗಬೇಕು) ಎಂದು ಶುರುಮಾಡಿದರೆ ಹಿಂದೆಯೇ ಆ ರೂಪ ಬರಬೇಕು, ಅಲ್ಲಿ ಮಾತು ಕಟ್ಟಿಕೊಳ್ಳುತ್ತದೆ. ಅದೇ 'ಇಲ್ ಫೊ' ಆದ ಮೇಲೆ ನೇರ ಮೂಲ ಕ್ರಿಯಾಪದ ಹಾಕಿದರೆ ಕೆಲಸ ಮುಗಿಯಿತು. 'ಜ ಪಾಂಸ ಕ' (ನಾನು ಅಂದುಕೊಂಡಿದ್ದೇನೆ) ಎಂಬುದಕ್ಕೆ ಸಾದಾ ರೂಪ ಸಾಕು, ಅದರ ನಿಷೇಧಕ್ಕೆ ಸಾಮಾನ್ಯವಾಗಿ ಸಬ್‌ಜಂಕ್ಟಿವ್ ಬೇಕು. ಹಾಗಾಗಿ 'ನನಗೆ ಹಾಗನ್ನಿಸುವುದಿಲ್ಲ' ಎಂದು ಹೊರಡುವ ಬದಲು 'ಸಲೋಂ ಮ್ವಾ' (ನನ್ನ ಪ್ರಕಾರ) ಎಂದು ಶುರುಮಾಡಿ ನಿಷೇಧವನ್ನು ಮುಂದಿನ ವಾಕ್ಯದಲ್ಲಿ ಇಡುವುದು.

ಪದ ಸಿಗದಾಗ ಇಂಗ್ಲಿಷಿಗೆ ಹಾರದಿರಲು ಒಂದೇ ಸಾಧನ: 'ಲ ತ್ರ್ಯುಕ್ ಕಿ ಸೆರ್ ಆ', ಇಂಥ ಕೆಲಸಕ್ಕೆ ಬರುವ ವಸ್ತು. ಸ್ಟೇಪ್ಲರ್‌ಗೆ ಏನಂತಾರೆ ಗೊತ್ತಿಲ್ಲದಿದ್ದರೆ ಕಾಗದಗಳನ್ನು ಒಟ್ಟಿಗೆ ಸೇರಿಸುವ ವಸ್ತು ಅನ್ನಬೇಕು. ಕಣ್ಣೆದುರಿನ ಹತ್ತು ವಸ್ತುಗಳನ್ನು ಹೀಗೆ ಹೆಸರಿಲ್ಲದೆ ವಿವರಿಸುವ ಆಟ ದಿನಕ್ಕೆ ಮೂರು ನಿಮಿಷ. ಶಾಲೆಯಲ್ಲಿ ಯಾರೂ ಕಲಿಸದ, ಆದರೆ ಹೊಸ ಊರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುವ ವಿದ್ಯೆ ಇದು.

ತಡವರಿಕೆಯ ಧ್ವನಿಯನ್ನೂ ಬದಲಿಸಬೇಕು. ಇಂಗ್ಲಿಷಿನ 'ಅಮ್' ತುಟಿ ಮುಚ್ಚುತ್ತದೆ, ಬಾಯಿ ಇಂಗ್ಲಿಷಿನ ಭಂಗಿಗೆ ಹೋಗಿಬಿಡುತ್ತದೆ. ಫ್ರೆಂಚರ ತಡವರಿಕೆ ತುಟಿ ದುಂಡಗಿಟ್ಟ ಒಂದು ತೆರೆದ ಸ್ವರ; ಜೊತೆಗೆ 'ಆಲೋರ್' (ಹಾಗಾದರೆ), 'ಆಂಫೆತ್' (ನಿಜ ಹೇಳಬೇಕೆಂದರೆ), 'ಕೊಮಾಂ ದೀರ್' (ಹೇಗೆ ಹೇಳಲಿ). ಹಾಸ್ಯಾಸ್ಪದ ಅನ್ನಿಸಿದರೂ ಇದನ್ನು ಅಭ್ಯಾಸ ಮಾಡಿದವರು ಇಂಗ್ಲಿಷಿಗೆ ಜಾರುವುದು ಕಡಿಮೆಯಾಗುತ್ತದೆ.

ನಾಲ್ಕು, ಮೂರು, ಎರಡು

ಒಬ್ಬಳೇ ಮಾತಾಡುವ ಹದಿನೈದು ನಿಮಿಷಕ್ಕೆ 1983ರಲ್ಲಿ ಕೀತ್ ಮೋರಿಸ್ ಬರೆದ, ಆಮೇಲೆ ಭಾಷಾಬೋಧನೆಯ ವಿದ್ವಾಂಸ ಪಾಲ್ ನೇಷನ್ ಹೆಸರಾಗಿಸಿದ 4/3/2 ವಿಧಾನ. ಒಂದೇ ವಿಷಯವನ್ನು ಮೊದಲು ನಾಲ್ಕು ನಿಮಿಷ, ಮತ್ತೆ ಮೂರು, ಮತ್ತೆ ಎರಡು ನಿಮಿಷದಲ್ಲಿ ಹೇಳುವುದು. ವಿಷಯ ಬದಲಾಗದ ಕಾರಣ ಎರಡನೇ ಸಲಕ್ಕೆ ಏನು ಹೇಳಲಿ ಎಂಬ ಚಿಂತೆ ಇಲ್ಲ. ಗಮನವೆಲ್ಲ ಹೇಗೆ ಹೇಳಲಿ ಎಂಬುದರ ಮೇಲೆ. ಮೂಲ ವಿಧಾನದಲ್ಲಿ ಪ್ರತಿ ಸಲ ಕೇಳುವವರು ಬದಲಾಗಬೇಕು. ಒಬ್ಬಳೇ ಇರುವಾಗ ಅದಾಗದು, ಫೋನಿನ ರೆಕಾರ್ಡರ್ ಸಾಕು.

ಈ ವಿಧಾನ ಕೆಡುವುದು ಎರಡು ಕಡೆ. ಒಂದು, ಸಮಯ ಕಡಿಮೆಯಾದಂತೆ ವೇಗ ಹೆಚ್ಚಿಸುವ ಬದಲು ವಿಷಯವನ್ನೇ ಕತ್ತರಿಸುವುದು. ತಡೆಯಲು ಆರು ಅಂಶ ಬರೆದ ಚೀಟಿ ಎದುರಿಗಿರಬೇಕು, ಮೂರು ಸುತ್ತಿನಲ್ಲೂ ಆರೂ ಬರಬೇಕು. ಎರಡು, ತಪ್ಪು ವಾಕ್ಯವೂ ಮೂರು ಸಲ ಹೇಳಲ್ಪಟ್ಟು ಗಟ್ಟಿಯಾಗುವುದು. ಮೊದಲ ಸುತ್ತು ಮುಗಿದ ಕೂಡಲೇ ಅದನ್ನು ಕೇಳಿ ಒಂದೇ ಒಂದು ತಪ್ಪನ್ನು ತಿದ್ದಿಕೊಂಡು ಮುಂದೆ ಹೋಗುವುದು ಒಳ್ಳೆಯದು. ಎಲ್ಲ ತಪ್ಪನ್ನೂ ತಿದ್ದಲು ಹೊರಟರೆ ಎರಡನೇ ಸುತ್ತಿನಲ್ಲಿ ಬಾಯಿಯೇ ಕಟ್ಟಿಹೋಗುತ್ತದೆ.

ಮೂರನೇ ವಾರದ ಎಡವಟ್ಟು

ಈ ಪ್ರಕರಣದಲ್ಲಿ ಮೂರನೇ ವಾರ ಫಲಿತಾಂಶ ಚೆನ್ನಾಗಿ ಕಂಡಿತು. ಎರಡು ನಿಮಿಷ ನಿಲ್ಲದ ಮಾತು, ತಪ್ಪಿಲ್ಲ. ಜೊತೆಗಾರ ನಡುವೆ ಒಂದು ಪ್ರಶ್ನೆ ಹಾಕಿದಾಗ ಎಲ್ಲವೂ ಕುಸಿಯಿತು. ಕಾರಣ ಸರಳ: ಆರು ಅಂಶದ ಚೀಟಿ ನಿಧಾನವಾಗಿ ಪೂರ್ತಿ ವಾಕ್ಯಗಳ ಪುಟವಾಗಿ ಬೆಳೆದಿತ್ತು, ಆಕೆ ಅದನ್ನು ಬಾಯಿಪಾಠ ಮಾಡಿಬಿಟ್ಟಿದ್ದಳು. ಬರವಣಿಗೆಯಲ್ಲಿ ಗಟ್ಟಿಯಾದವರು ತಮಗೇ ಗೊತ್ತಿಲ್ಲದೆ ಬರವಣಿಗೆಗೇ ಮರಳುತ್ತಾರೆ.

ತಿದ್ದುಪಡಿ ಒಂದೇ ಸಾಲಿನ ನಿಯಮ: ಚೀಟಿಯಲ್ಲಿ ನಾಮಪದ ಮಾತ್ರ, ಕ್ರಿಯಾಪದ ಒಂದೂ ಇರಕೂಡದು. ಕ್ರಿಯಾಪದ ಹುಡುಕುವ ಕೆಲಸ ಬಾಯಿಯದು. ಜೊತೆಗೆ ಮೂರನೇ ಸುತ್ತಿನ ಮುಂಚೆ ಯಾರ ಬಗ್ಗೆ, ಯಾವಾಗ ಎಂಬುದನ್ನು ಬದಲಿಸುವುದು: 'ನಾನು ಹೋದೆ' ಎಂದದ್ದು 'ಅವರು ಹೋಗುತ್ತಾರೆ' ಆಗಬೇಕು. ಕಂಠಪಾಠ ಅಲ್ಲೇ ಮುರಿದುಬೀಳುತ್ತದೆ. ವೇಗವೂ ಒಂದು ವಾರ ಬಿದ್ದುಹೋಗುತ್ತದೆ, ಹೆದರಬೇಕಿಲ್ಲ.

ಕಿವಿ

ಮಾತು ನಿಲ್ಲುವುದಕ್ಕೆ ಅರ್ಧ ಕಾರಣ ಎದುರಿನವರು ಹೇಳಿದ್ದು ತಿಳಿಯದಿರುವುದು. 2011ರಲ್ಲಿ ಪ್ರಕಟವಾದ ಲಿಯೋಂ ನಗರದ ಸಂಶೋಧಕರ ಹೋಲಿಕೆಯಲ್ಲಿ ಫ್ರೆಂಚ್ ಓದಿಗೆ ಸೆಕೆಂಡಿಗೆ ಸುಮಾರು 7.2 ಉಚ್ಚಾರಾಂಶ, ಇಂಗ್ಲಿಷಿಗೆ ಸುಮಾರು 6.2 ಎಂದು ಬಂದಿತ್ತು. ವೇಗಕ್ಕಿಂತ ಹೆಚ್ಚು ಕಾಡುವುದು ಮಾತಿನಲ್ಲಿ ನುಂಗಿಹೋಗುವ ತುಂಡುಗಳು. ಪುಸ್ತಕದ 'ಜ ನ ಸೆ ಪಾ' (ನನಗೆ ಗೊತ್ತಿಲ್ಲ) ಬೀದಿಯಲ್ಲಿ 'ಶೆ ಪಾ'. 'ಇಲ್ ಯಾ' (ಇದೆ) ಬರೀ 'ಯಾ'. 'ತ್ಯು ಆ' (ನಿನ್ನ ಬಳಿ ಇದೆ) ಬರೀ 'ತಾ'. ನಿಷೇಧದ ಮೊದಲ ತುಂಡು 'ನ' ಮಾತಿನಲ್ಲಿ ಹೆಚ್ಚಾಗಿ ಮಾಯ, 'ನಾವು' ಎಂಬುದಕ್ಕೆ 'ನು' ಬದಲು 'ಓಂ'. ಇವನ್ನು ಗುರುತಿಸಲು ಬಂದರೆ ಸಾಕು. ಕಚೇರಿಯಲ್ಲೂ ಪ್ರಾಧ್ಯಾಪಕರೆದುರೂ ಪೂರ್ತಿ ರೂಪವೇ ಚೆಂದ; 'ಓಂ' ಒಂದನ್ನು ಮಾತ್ರ ಈಗಲೇ ಬಾಯಿಗೂ ತಂದುಕೊಳ್ಳಬಹುದು, ಕ್ರಿಯಾಪದದ ರೂಪ ಸುಲಭವಾಗುತ್ತದೆ.

ಕೇಳಿ ಬರೆಯಲು ಆರ್‌ಎಫ್‌ಐ ರೇಡಿಯೊದ ಸರಳ ಫ್ರೆಂಚ್ ವಾರ್ತೆ ಒಳ್ಳೆಯ ಆರಂಭ: ಹತ್ತು ನಿಮಿಷ, ಜೊತೆಗೆ ಲಿಖಿತ ಪಠ್ಯ. ಪೂರ್ತಿ ಕೇಳಬೇಡಿ. 30 ಸೆಕೆಂಡಿನ ತುಂಡು ತೆಗೆದುಕೊಂಡು ಮೂರು ಸಲ ಕೇಳಿ ಬರೆದು, ಆಮೇಲೆ ಪಠ್ಯದೊಂದಿಗೆ ಹೋಲಿಸಿ, ತಪ್ಪಿದ ಜಾಗವನ್ನು ಗಟ್ಟಿಯಾಗಿ ಹೇಳುವುದು. ಐದನೇ ವಾರದಿಂದ ವಾರ್ತೆ ಬಿಟ್ಟು ತನ್ನ ವಿಷಯದ ಉಪನ್ಯಾಸಗಳಿಗೆ ಹೋಗಬೇಕು. 2013ರಲ್ಲಿ ಶುರುವಾದ ಫುನ್ ಮೂಕ್ ಎಂಬ ಅಂತರಜಾಲ ತಾಣದಲ್ಲಿ ಫ್ರೆಂಚ್ ವಿಶ್ವವಿದ್ಯಾಲಯಗಳ ಕೋರ್ಸ್‌ಗಳು ಸಿಗುತ್ತವೆ.

ಸಂಖ್ಯೆಗಳಿಗೆ ಬೇರೆಯೇ ಸಮಯ ಬೇಕು. 70 ಎಂದರೆ ಅರವತ್ತು-ಹತ್ತು, 80 ಎಂದರೆ ನಾಲ್ಕು-ಇಪ್ಪತ್ತು, 95 ಎಂದರೆ ನಾಲ್ಕು-ಇಪ್ಪತ್ತು-ಹದಿನೈದು. ಫ್ರಾನ್ಸಿನ ಹತ್ತಂಕಿಯ ಫೋನ್ ನಂಬರನ್ನು ಎರಡೆರಡು ಅಂಕಿಯ ಐದು ಜೋಡಿಯಾಗಿ ಹೇಳುತ್ತಾರೆ. 'ಸ್ವಾಸಾಂತ್' (ಅರವತ್ತು) ಕಿವಿಗೆ ಬಿದ್ದ ಕೂಡಲೇ 6 ಬರೆದರೆ ಹಿಂದೆಯೇ 'ಕಾತೋರ್ಜ಼್' (ಹದಿನಾಲ್ಕು) ಬಂದು ಅದು 74 ಆಗಿರುತ್ತದೆ. ಜೋಡಿ ಪೂರ್ತಿ ಮುಗಿಯುವ ತನಕ ಪೆನ್ನು ಎತ್ತಿಡುವ ಅಭ್ಯಾಸ ಒಂದೇ ಮದ್ದು. ಬೆಲ್ಜಿಯಂ, ಸ್ವಿಟ್ಜರ್ಲೆಂಡಿನಲ್ಲಿ 70ಕ್ಕೆ 'ಸೆಪ್ತಾಂತ್', 90ಕ್ಕೆ 'ನೊನಾಂತ್' ಎಂಬ ನೇರ ಪದಗಳಿವೆ. ಅಲ್ಲಿಗೆ ಹೋಗುವವರು ಪುಣ್ಯವಂತರು.

ಜೊತೆಗಾರ ಇಂಗ್ಲಿಷಿಗೆ ತಿರುಗಿದರೆ

"ಫ್ರೆಂಚರ ಜೊತೆ ಮಾತಾಡು" ಎಂಬ ಸಲಹೆ ಎರಡೇ ನಿಮಿಷದಲ್ಲಿ ಸೋಲುತ್ತದೆ. ಈಕೆಯ ಇಂಗ್ಲಿಷ್ ಸಲೀಸು, ಜೊತೆಗಾರನಿಗೆ ಇಂಗ್ಲಿಷ್ ಕಲಿಯುವ ಆಸೆ. ಮಾತು ತಾನಾಗಿ ಆ ಕಡೆ ಹರಿಯುತ್ತದೆ. ಹಾಗಾಗಿ ಗಡಿಯಾರವಿಟ್ಟು 25 ನಿಮಿಷ ಫ್ರೆಂಚ್, 25 ನಿಮಿಷ ಇಂಗ್ಲಿಷ್. ಫ್ರೆಂಚ್ ಯಾವಾಗಲೂ ಮೊದಲು. ನಡುವೆ ತಿದ್ದುವಂತಿಲ್ಲ. ಕೇಳುವಾತ ಐದು ತಪ್ಪು ವಾಕ್ಯ ಬರೆದುಕೊಂಡು ಕೊನೆಯಲ್ಲಿ ಸರಿರೂಪ ಹೇಳಬೇಕು, ಆಕೆ ಅದನ್ನು ಆಗಲೇ ಪೂರ್ತಿ ವಾಕ್ಯವಾಗಿ ಮರಳಿ ಹೇಳಬೇಕು. "ನನ್ನ ತಪ್ಪು ತಿದ್ದು" ಎಂದಷ್ಟೇ ಕೇಳಿದರೆ ಸಭ್ಯರು "ಚೆನ್ನಾಗಿ ಮಾತಾಡುತ್ತೀ" ಎಂದುಬಿಡುತ್ತಾರೆ. ಈ ವಾರ ಭೂತಕಾಲ ಮಾತ್ರ ನೋಡು, ಮುಂದಿನ ವಾರ ಲಿಂಗ ಮಾತ್ರ ನೋಡು ಎಂದು ಕೇಳಬೇಕು.

ಲಿಂಗದ ವಿಷಯಕ್ಕೆ ಮಾತಿನ ನಡುವೆ ನಿಲ್ಲುವುದು ಬೇಡ. ಕೊನೆಯ ಧ್ವನಿ ನೋಡಿ ಊಹಿಸಿದರೆ ಬಹುಪಾಲು ಸರಿ: 'ಸ್ಯೋಂ' ಸ್ತ್ರೀಲಿಂಗ, 'ಮಾಂ' ಪುಲ್ಲಿಂಗ, 'ಆಜ್' ಬಹುತೇಕ ಪುಲ್ಲಿಂಗ (ಪುಟ, ಚಿತ್ರ, ಕಡಲತೀರಕ್ಕಿರುವ ಪದಗಳು ಹೊರತು), 'ತೆ' ಹೆಚ್ಚಾಗಿ ಸ್ತ್ರೀಲಿಂಗ. ತಪ್ಪಿದರೂ ಅರ್ಥ ಕೆಡುವುದು ಅಪರೂಪ. ನಿಂತರೆ ಮಾತೇ ನಿಲ್ಲುತ್ತದೆ.

ವಿಶ್ವವಿದ್ಯಾಲಯದ ಮಾತು

ಒಂಬತ್ತನೇ ವಾರದಿಂದ ವಿಷಯ ಪೂರ್ತಿ ಅಲ್ಲಿಯದೇ. ದೊಡ್ಡ ಸಭಾಂಗಣದ ಉಪನ್ಯಾಸಕ್ಕೆ 'ಸೆ ಎಮ್', ಸಣ್ಣ ಗುಂಪಿನ ಅಭ್ಯಾಸ ತರಗತಿಗೆ 'ತೆ ದೆ'. ಸೆ ಎಮ್‌ನಲ್ಲಿ ಬಾಯಿ ತೆರೆಯುವ ಪ್ರಸಂಗ ಬಾರದು. ತೆ ದೆಯಲ್ಲಿ ತಪ್ಪಿಸಿಕೊಳ್ಳಲಾಗದು. ಅಲ್ಲಿ ಬರುವ ಎಕ್ಸ್‌ಪೊಜ಼ೆ, ಅಂದರೆ ಎದ್ದುನಿಂತು ವಿಷಯ ಮಂಡಿಸುವುದು, ಫ್ರೆಂಚ್ ಶಾಲೆಯ ಒಂದು ಕಟ್ಟುಪಾಡಿಗೆ ಒಳಪಟ್ಟದ್ದು: ಮೊದಲು ಒಂದು ಪ್ರಶ್ನೆ ಎತ್ತಬೇಕು, ಎರಡೋ ಮೂರೋ ಭಾಗದ ಯೋಜನೆ ಘೋಷಿಸಬೇಕು, ಒಂದು ಭಾಗದಿಂದ ಇನ್ನೊಂದಕ್ಕೆ ದಾಟುವ ವಾಕ್ಯ ಇರಬೇಕು. ಇಂಗ್ಲಿಷ್ ಶಾಲೆಯಂತೆ ಮೊದಲೇ ತನ್ನ ನಿಲುವು ಹೇಳಿ ಪುರಾವೆ ಜೋಡಿಸುತ್ತ ಹೋದರೆ ಭಾಷೆ ಸರಿಯಿದ್ದೂ "ಯೋಜನೆ ಎಲ್ಲಿದೆ?" ಎಂಬ ಮಾತು ಬರುತ್ತದೆ. ಅಂಕ 20ಕ್ಕೆ, ಪಾಸು 10ಕ್ಕೆ. 14 ಬಂದರೆ ಬೇಸರಪಡಬೇಕಿಲ್ಲ, ಅಲ್ಲಿ ಅದು ಒಳ್ಳೆಯ ಅಂಕ.

ಅಭ್ಯಾಸಕ್ಕೆ ಡೆಲ್ಫ್ ಬಿ2ನ ಮಾತಿನ ಪರೀಕ್ಷೆಯ ಅಳತೆಯನ್ನೇ ಬಳಸಬಹುದು: ಪುಟ್ಟ ಲೇಖನವೊಂದನ್ನು ಇಟ್ಟುಕೊಂಡು 30 ನಿಮಿಷ ತಯಾರಿ, ಆಮೇಲೆ ಸುಮಾರು 20 ನಿಮಿಷ ನಿಲುವು ಮಂಡನೆ ಮತ್ತು ವಾದ. ವಾರಕ್ಕೊಂದು. ಪ್ರಶ್ನೆ ಕೇಳಲು ಜೊತೆಗಾರ ಇರಲೇಬೇಕು.

ಕಚೇರಿಯ ಮಾತು ಬೇರೆ. ವಿದ್ಯಾರ್ಥಿಗಳ ದಾಖಲಾತಿ ನೋಡುವ 'ಸ್ಕೊಲಾರಿತೆ' ಕಿಟಕಿಯ ಮುಂದೆ ಮೊದಲು 'ಬೋಂಜುರ್', ಆಮೇಲೆ ವಿಷಯ. ನಮಸ್ಕಾರವಿಲ್ಲದೆ ನೇರ ಪ್ರಶ್ನೆ ಕೇಳಿದರೆ ಎಂಥ ಶುದ್ಧ ಫ್ರೆಂಚಿಗೂ ಉತ್ತರ ಒಣಗಿರುತ್ತದೆ. ಸಹಪಾಠಿಗಳಿಗೆ ಮೊದಲ ದಿನದಿಂದಲೇ 'ತ್ಯು' (ನೀನು), ಕಲಿಸುವವರಿಗೂ ಕಚೇರಿಯವರಿಗೂ 'ವು' (ನೀವು). ಕನ್ನಡದವರಿಗೆ ನೀನು-ನೀವು ಹೊಸತಲ್ಲ, ಆದರೆ ಇಂಗ್ಲಿಷ್ ಮೂಲಕ ಫ್ರೆಂಚಿಗೆ ಬಂದವರು ಒಂದೇ ವಾಕ್ಯದಲ್ಲಿ ಎರಡನ್ನೂ ಬೆರೆಸುತ್ತಾರೆ. ಕಿಟಕಿಯ ಮುಂದಿನ ನಾಲ್ಕು ಸಂಭಾಷಣೆ (ದಾಖಲಾತಿ, ತಪ್ಪಾದ ಹೆಸರು, ಗುಂಪು ಬದಲಾವಣೆ, ಪ್ರಮಾಣಪತ್ರ) ಆಡಿ ನೋಡಿದರೆ ಸರಿಹೋಗುತ್ತದೆ.

12ನೇ ವಾರದ ರೆಕಾರ್ಡಿಂಗ್

ಅದೇ ಪ್ರಶ್ನೆ, ಅದೇ ಎರಡು ನಿಮಿಷ, ಅದೇ ಲಿಖಿತ ಪ್ರತಿ. ಇಂಗ್ಲಿಷ್ ಪದ ಇಲ್ಲವಾಗಿರಬೇಕು. ಕೈಬಿಟ್ಟ ವಾಕ್ಯ ಒಂದೆರಡಕ್ಕೆ ಇಳಿದಿರಬೇಕು. ನಡುವಿನ ನಿಲುಗಡೆ ಅರ್ಧಕ್ಕಿಂತ ಕಡಿಮೆಯಾಗಿದ್ದರೆ ಕೆಲಸ ಸರಿದಾರಿಯಲ್ಲಿದೆ. ಈಕೆಯಲ್ಲಿ ಹೀಗೇ ಆಯಿತು, ಒಂದು ವ್ಯತ್ಯಾಸದೊಂದಿಗೆ: ಪರಿಚಿತ ವಿಷಯದಲ್ಲಿ ಮಾತು ಹರಿಯಿತು, ಗೊತ್ತಿಲ್ಲದ ವಿಷಯ ಕೊಟ್ಟಾಗ ನಿಲುಗಡೆ ಮೊದಲಿನಷ್ಟೇ ಇತ್ತು. 12 ವಾರದಲ್ಲಿ ಸುಲಭವಾಗುವುದು ಅಭ್ಯಾಸ ಮಾಡಿದ ಮೂವತ್ತು ನಲವತ್ತು ವಿಷಯಗಳು. ಹಾಗಾಗಿ ಅವನ್ನು ಮೊದಲ ಸೆಮಿಸ್ಟರಿನ ಪಠ್ಯಕ್ರಮದಿಂದಲೇ ಆರಿಸಬೇಕು, ಪ್ರವಾಸ, ಹವ್ಯಾಸ, ಹವಾಮಾನದಿಂದಲ್ಲ. ಸಬ್‌ಜಂಕ್ಟಿವ್ ಇನ್ನೂ ತಪ್ಪುತ್ತಿತ್ತು. ನಾಲ್ಕು ಜನ ಒಟ್ಟಿಗೆ ಮಾತಾಡುವಲ್ಲಿ ನಡುವೆ ಬಾಯಿ ಹಾಕಲು ಆಗುತ್ತಿರಲಿಲ್ಲ. ಇಬ್ಬರ ಮಾತಿನಲ್ಲಿ ಎಷ್ಟು ಪಳಗಿದರೂ ಇದು ಬರುವುದಿಲ್ಲ, ಗುಂಪಿನಲ್ಲೇ ಬರಬೇಕು. ಮೊದಲ ತಿಂಗಳು ಪ್ರತಿ ತೆ ದೆಯಲ್ಲೂ ಮೊದಲ ಹತ್ತು ನಿಮಿಷದೊಳಗೆ ಒಂದು ಪ್ರಶ್ನೆ, 'ಸಿ ಜೆ ಬ್ಯಾಂ ಕೋಂಪ್ರಿ' ಎಂದು ಶುರುಮಾಡಿ, ಕೇಳಿಬಿಡುವುದು ಆಕೆಗೆ ಕೊಟ್ಟ ಕೆಲಸ. ಪ್ರಶ್ನೆಯನ್ನು ಹಿಂದಿನ ರಾತ್ರಿಯೇ ಯೋಚಿಸಿಟ್ಟುಕೊಳ್ಳಬಹುದು, ಬರೆದಿಟ್ಟುಕೊಳ್ಳುವಂತಿಲ್ಲ.